ಏಳು ಸಾವಿರ ಮರ, ಏಳು ಸಾವಿರ ಕಲ್ಲು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. 1987ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿದ್ದವನು. ಈಗ ಅವನಿಗೂ ಐವತ್ತು ದಾಟಿದೆ. ಕಾಫಿ ಕುಡಿಯುತ್ತಾ ಹಳೆಯ ದಿನಗಳ ಮಾತನಾಡುತ್ತಿದ್ದಾಗ ಇದ್ದಕ್ಕಿದ್ದಂತೆ, "ಸಾರ್, ಶಾಲೆಯ ರಸ್ತೆಯಲ್ಲಿ ನಾವೆಲ್ಲ ಹೊಂಗೆ ಸಸಿ ನೆಟ್ಟೆವಲ್ಲ, ಅದರಲ್ಲಿ ನನ್ನದು ಯಾವುದಿತ್ತು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತೈದು ವರ್ಷಗಳ ಕಾಲ ಇಸವಿಗಳನ್ನೂ ಅರಸರ ವಂಶಾವಳಿಗಳನ್ನೂ ಬಾಯಿಪಾಠ ಮಾಡಿಸಿದ ಇತಿಹಾಸದ ಮೇಷ್ಟರಿಗೆ ತನ್ನ ಶಾಲೆಯ ಮುಂದಿನ ರಸ್ತೆಯ ಇತಿಹಾಸವೇ ತಿಳಿದಿರಲಿಲ್ಲವೆಂಬುದು ನಾಚಿಕೆಯ ಸಂಗತಿಯೇ ಸರಿ.

ಅವನು ಹೊರಟುಹೋದ ಮೇಲೆ ನನಗೆ ನೆನಪಾದದ್ದು ಜರ್ಮನಿಯ ಒಂದು ಊರು. ಅಲ್ಲಿ ಇಂಥದೇ ಪ್ರಶ್ನೆಗೆ ಮೊದಲೇ ಉತ್ತರವನ್ನು ಯೋಚಿಸಿಟ್ಟ ಕಲಾವಿದನೊಬ್ಬನಿದ್ದ. ಅವನ ಕೆಲಸದ ಇತಿಹಾಸವನ್ನು ನಿಮಗೆ ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ನಮ್ಮ ಹೊಂಗೆಯ ಮರಗಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

2023ರಲ್ಲಿ ಫ್ರಾಂಕ್‌ಫರ್ಟಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ದಿನ ರೈಲಿನಲ್ಲಿ ಕಾಸೆಲ್ ಎಂಬ ನಗರಕ್ಕೆ ಹೋಗಿದ್ದೆವು. ನನ್ನ ಉದ್ದೇಶವಿದ್ದದ್ದು ಗ್ರಿಮ್ ಸಹೋದರರನ್ನು ಕುರಿತು. ಕಿನ್ನರಕಥೆಗಳನ್ನು ಸಂಗ್ರಹಿಸಿದ ಆ ಅಣ್ಣತಮ್ಮಂದಿರು ಬಹುಕಾಲ ವಾಸಿಸಿದ್ದು, ಗ್ರಂಥಪಾಲಕರಾಗಿ ದುಡಿದದ್ದು ಕಾಸೆಲ್‌ನಲ್ಲಿಯೇ. ಅವರ ಕಥಾಸಂಗ್ರಹದ ಮೊದಲ ಸಂಪುಟ 1812ರಲ್ಲಿ ಪ್ರಕಟವಾದಾಗ ಅವರು ಆ ಊರಿನವರೇ ಆಗಿದ್ದರು. ಆದರೆ ಅಂದು ಬೀದಿಯಲ್ಲಿ ನಡೆಯುತ್ತಿದ್ದ ನನ್ನ ಗಮನ ಬೇರೆಡೆಗೆ ಹರಿಯಿತು. ಪ್ರತಿ ಮರದ ಪಕ್ಕದಲ್ಲಿಯೂ ಸೊಂಟದೆತ್ತರದ ಒಂದು ಕರಿಗಲ್ಲು ನೆಟ್ಟಗೆ ನಿಂತಿತ್ತು. ಒಂದು ಬೀದಿಯಲ್ಲಿ ನೋಡಿದೆ, ಮುಂದಿನ ಬೀದಿಯಲ್ಲಿಯೂ ನೋಡಿದೆ. ನಮ್ಮ ಕಡೆಯ ಗಡಿಕಲ್ಲೋ ಮೈಲಿಕಲ್ಲೋ ಇರಬೇಕೆಂದುಕೊಂಡು ಹತ್ತಿರ ಹೋಗಿ ನೋಡಿದರೆ ಅಕ್ಷರವೂ ಇಲ್ಲ, ಅಂಕಿಯೂ ಇಲ್ಲ. ಒಂದು ಕಲ್ಲಿಗೆ ಯಾರೋ ಸೈಕಲ್ಲನ್ನು ಒರಗಿಸಿದ್ದರು. ಮತ್ತೊಂದರ ಮೇಲೆ ಮಗುವೊಂದನ್ನು ಕೂರಿಸಿ ತಾಯಿ ಅದರ ಬೂಟಿನ ದಾರವನ್ನು ಕಟ್ಟುತ್ತಿದ್ದಳು. "ಇದೇನಮ್ಮ?" ಎಂದು ಮಗಳನ್ನು ಕೇಳಿದೆ. "ಅಪ್ಪಾ, ಇದು ಇಲ್ಲಿಯ ಪ್ರಸಿದ್ಧ ಕಲಾಕೃತಿ" ಎಂದಳು. "ಯಾವುದು, ಈ ಕಲ್ಲೇ?" ಎಂದೆ. "ಕಲ್ಲು, ಮರ, ಇಡೀ ಊರು" ಎಂದಳು.

ಇದರ ಕಥೆಯನ್ನು ತಿಳಿಯಬೇಕಾದರೆ ಆ ಊರಿನ ಕಥೆಯನ್ನು ಸ್ವಲ್ಪ ತಿಳಿದಿರಬೇಕು.

ಕಾಸೆಲ್ ಫುಲ್ಡಾ ನದಿಯ ದಡದಲ್ಲಿರುವ, ಸುಮಾರು ಎರಡು ಲಕ್ಷ ಜನಸಂಖ್ಯೆಯ ನಗರ. ಒಂದು ಕಾಲದಲ್ಲಿ ಸಂಸ್ಥಾನಿಕರ ರಾಜಧಾನಿಯಾಗಿತ್ತು. ಊರ ನಡುವಿನ ದೊಡ್ಡ ಚೌಕಕ್ಕೆ ಫ್ರೀಡ್ರಿಷ್ ಚೌಕವೆಂದು ಹೆಸರು. ಅದರ ಅಂಚಿನಲ್ಲಿರುವ ಫ್ರಿಡೆರಿಸಿಯಾನುಮ್ ಎಂಬ ಭವನ 1779ರಲ್ಲಿ ಸಾರ್ವಜನಿಕರಿಗೆ ತೆರೆದ ವಸ್ತುಸಂಗ್ರಹಾಲಯ. ಯುರೋಪಿನಲ್ಲಿ ಜನಸಾಮಾನ್ಯರಿಗೆಂದೇ ಕಟ್ಟಿದ ಇಂಥ ಭವನಗಳಲ್ಲಿ ಅತ್ಯಂತ ಹಳೆಯವುಗಳ ಪಂಕ್ತಿಗೆ ಸೇರುತ್ತದೆ. ಗ್ರಿಮ್ ಸಹೋದರರು ಕೆಲಸ ಮಾಡುತ್ತಿದ್ದ ಗ್ರಂಥಾಲಯವೂ ಅದೇ ಕಟ್ಟಡದಲ್ಲಿತ್ತು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಕಾಸೆಲ್ ಶಸ್ತ್ರಾಸ್ತ್ರ ತಯಾರಿಕೆಯ ಕೇಂದ್ರವಾಯಿತು. ರೈಲು ಎಂಜಿನ್ನುಗಳಿಗೆ ಹೆಸರಾಗಿದ್ದ ಹೆನ್ಶೆಲ್ ಕಾರ್ಖಾನೆಯಲ್ಲಿ ಟ್ಯಾಂಕುಗಳು ತಯಾರಾಗತೊಡಗಿದವು. 1943ರ ಅಕ್ಟೋಬರ್ 22ರ ರಾತ್ರಿ ಬ್ರಿಟಿಷ್ ವಿಮಾನಗಳು ಊರಿನ ಮೇಲೆ ಬಾಂಬುಗಳ ಮಳೆಗರೆದವು. ಬೆಂಕಿಯ ಬಿರುಗಾಳಿಯೇ ಎದ್ದಿತು. ಒಂದೇ ರಾತ್ರಿಯಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಹಳೆಯ ಊರಿನ ಬಹುಭಾಗ ಬೂದಿಯಾಯಿತು. ಯುದ್ಧ ಮುಗಿದ ಮೇಲೆ ಊರನ್ನು ಮತ್ತೆ ಕಟ್ಟಿದರು ನಿಜ. ಆದರೆ ಹಳೆಯ ಊರಿನಂತೆ ಕಟ್ಟಲಿಲ್ಲ. ಮೋಟಾರು ವಾಹನಗಳಿಗೆ ಅನುಕೂಲವಾಗುವಂತೆ ಅಗಲವಾದ ರಸ್ತೆಗಳು, ಕಾಂಕ್ರೀಟಿನ ಕಟ್ಟಡಗಳು, ಡಾಂಬರಿನ ಬಯಲುಗಳು ಬಂದವು. ಗಾಯಕ್ಕೆ ಹೊಲಿಗೆ ಬಿದ್ದಿತ್ತು, ಚರ್ಮ ಮಾತ್ರ ಕೂಡಿರಲಿಲ್ಲ.

ಈ ಹಿನ್ನೆಲೆಯಲ್ಲಿ ಅದೇ ಊರಿನ ಆರ್ನೋಲ್ಡ್ ಬೋಡೆ ಎಂಬ ಕಲಾವಿದ 1955ರಲ್ಲಿ ಒಂದು ಸಾಹಸಕ್ಕೆ ಕೈಹಾಕಿದ. ಆ ವರ್ಷ ಕಾಸೆಲ್‌ನಲ್ಲಿ ರಾಷ್ಟ್ರೀಯ ಉದ್ಯಾನ ಪ್ರದರ್ಶನ ನಡೆಯುವುದಿತ್ತು. ಅದರ ಜೊತೆಯಲ್ಲಿಯೇ, ಬಾಂಬಿಗೆ ಸಿಕ್ಕಿ ಜೀರ್ಣವಾಗಿದ್ದ ಫ್ರಿಡೆರಿಸಿಯಾನುಮ್ ಭವನದಲ್ಲಿ ಆಧುನಿಕ ಚಿತ್ರಶಿಲ್ಪಗಳ ಪ್ರದರ್ಶನವೊಂದನ್ನು ಏರ್ಪಡಿಸಿದ. ನಾಜಿಗಳು ಭ್ರಷ್ಟ ಕಲೆಯೆಂದು ಜರೆದು ಮೂಲೆಗೆ ತಳ್ಳಿದ್ದ ಕಲೆಯನ್ನು ಜರ್ಮನರಿಗೆ ಮತ್ತೆ ತೋರಿಸಬೇಕೆಂಬುದು ಅವನ ಆಶಯ. ಅದಕ್ಕೆ ಡಾಕ್ಯುಮೆಂಟಾ ಎಂದು ಹೆಸರು. ನೂರು ದಿನಗಳ ಆ ಜಾತ್ರೆ ಈಗ ಐದು ವರ್ಷಗಳಿಗೊಮ್ಮೆ ನಡೆಯುತ್ತದೆ. ಜಗತ್ತಿನ ಎಲ್ಲೆಡೆಯಿಂದ ಕಲಾವಿದರು ಬರುತ್ತಾರೆ. ಆದರೆ ನೂರು ದಿನ ಮುಗಿದ ಮೇಲೆ ಚಿತ್ರಗಳು ಪೆಟ್ಟಿಗೆ ಸೇರುತ್ತವೆ, ಪರಸ್ಥಳದವರು ರೈಲು ಹತ್ತುತ್ತಾರೆ, ಊರಿನವರಿಗೆ ಉಳಿಯುವುದು ಮತ್ತದೇ ಡಾಂಬರು. ಈ ಕೊರತೆಯನ್ನು ಮನಗಂಡವನು ಯೋಸೆಫ್ ಬಾಯ್ಸ್.

ಬಾಯ್ಸ್ ಹುಟ್ಟಿದ್ದು 1921ರಲ್ಲಿ. ಯುದ್ಧದಲ್ಲಿ ಜರ್ಮನ್ ವಾಯುಪಡೆಯ ಸೈನಿಕನಾಗಿದ್ದ. 1944ರಲ್ಲಿ ಅವನಿದ್ದ ವಿಮಾನ ಕ್ರಿಮಿಯಾದಲ್ಲಿ ಬಿದ್ದು ಗಾಯಗೊಂಡ. ಅಲ್ಲಿಯ ತಾತಾರರು ತನ್ನ ಮೈಗೆ ಕೊಬ್ಬು ಸವರಿ ಉಣ್ಣೆಯಲ್ಲಿ ಸುತ್ತಿ ಬದುಕಿಸಿದರೆಂದು ಅವನು ಹೇಳಿಕೊಳ್ಳುತ್ತಿದ್ದ. ದಾಖಲೆಗಳು ಈ ಮಾತನ್ನು ಸಮರ್ಥಿಸುವುದಿಲ್ಲ. ಜರ್ಮನ್ ಶೋಧಕ ತಂಡವೇ ಬೇಗನೆ ಅವನನ್ನು ಹುಡುಕಿ ಸೈನಿಕ ಆಸ್ಪತ್ರೆಗೆ ಸೇರಿಸಿತ್ತು. ಇತಿಹಾಸದ ವಿದ್ಯಾರ್ಥಿಗಳಾದ ನೀವು ಕಲಾವಿದರ ಆತ್ಮಕಥನಗಳನ್ನು ಓದುವಾಗ ಇಂಥ ಎಚ್ಚರವನ್ನು ಇಟ್ಟುಕೊಳ್ಳಬೇಕು. ಆದರೆ ಯುದ್ಧವನ್ನು ಒಳಗಿನಿಂದ ಕಂಡವನು, ಬಾಂಬು ಹಾಕುವ ವಿಮಾನದಲ್ಲಿಯೇ ಹಾರಿದವನು, ಬಾಂಬಿಗೆ ಸುಟ್ಟ ಊರಿಗೆ ಮರಗಳನ್ನು ತಂದನೆಂಬುದನ್ನು ಮರೆಯುವಂತಿಲ್ಲ.

1961ರಲ್ಲಿ ಡ್ಯುಸೆಲ್ಡಾರ್ಫ್ ಕಲಾಶಾಲೆಯಲ್ಲಿ ಶಿಲ್ಪದ ಪ್ರಾಧ್ಯಾಪಕನಾದ. ಪ್ರವೇಶ ಸಿಗದೆ ತಿರಸ್ಕೃತರಾದ ಅಭ್ಯರ್ಥಿಗಳನ್ನೆಲ್ಲ ತನ್ನ ತರಗತಿಗೆ ಸೇರಿಸಿಕೊಳ್ಳುವೆನೆಂದು ಹಟ ಹಿಡಿದು, ಅವರೊಂದಿಗೆ ಕಲಾಶಾಲೆಯ ಕಚೇರಿಯಲ್ಲಿಯೇ ಧರಣಿ ಕುಳಿತ. 1972ರಲ್ಲಿ ಸರ್ಕಾರ ಅವನನ್ನು ಕೆಲಸದಿಂದ ತೆಗೆದುಹಾಕಿತು. ಕೆಲವು ವರ್ಷ ಪ್ರವೇಶ ಸಮಿತಿಯಲ್ಲಿದ್ದ ನನಗೆ ಆ ಕಲಾಶಾಲೆಯ ಕಷ್ಟವೂ ಅರ್ಥವಾಗುತ್ತದೆ. ಬೆಂಚುಗಳು ಎಷ್ಟಿವೆಯೋ ಅಷ್ಟೇ ಮಕ್ಕಳನ್ನು ಕೂರಿಸಲು ಸಾಧ್ಯ. ಆದರೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದ ಮಕ್ಕಳ ಮುಖಗಳು ಇಂದಿಗೂ ನನ್ನ ಕಣ್ಣ ಮುಂದೆ ಬರುತ್ತವೆ. ಬಾಯ್ಸ್‌ನ ಸಿದ್ಧಾಂತ ಸರಳವಾದದ್ದು. ಪ್ರತಿಯೊಬ್ಬ ಮನುಷ್ಯನಲ್ಲಿಯೂ ಸೃಷ್ಟಿಸುವ ಶಕ್ತಿಯಿದೆ. ಕುಂಚ ಹಿಡಿದವನು ಮಾತ್ರ ಕಲಾವಿದನಲ್ಲ. ಸಮಾಜವೇ ಒಂದು ಶಿಲ್ಪ, ಎಲ್ಲರೂ ಸೇರಿ ಅದನ್ನು ರೂಪಿಸಬೇಕು. ಇದನ್ನು ಅವನು ಸಾಮಾಜಿಕ ಶಿಲ್ಪವೆಂದು ಕರೆದ. ಹೇಳುವುದೇನೋ ಸುಲಭ. ಮಾಡಿ ತೋರಿಸಬೇಕಾದಾಗ ಅವನು ಆರಿಸಿಕೊಂಡದ್ದು ಕಾಸೆಲ್ ನಗರವನ್ನು.

1982ರ ಏಳನೆಯ ಡಾಕ್ಯುಮೆಂಟಾಕ್ಕೆ ಆಹ್ವಾನ ಬಂದಾಗ ಬಾಯ್ಸ್ ತನ್ನ ಯೋಜನೆಯನ್ನು ಮುಂದಿಟ್ಟ. ಊರಿನ ಉದ್ದಗಲಕ್ಕೂ 7000 ಓಕ್ ಮರಗಳನ್ನು ನೆಡಬೇಕು. ಪ್ರತಿ ಮರದ ಪಕ್ಕದಲ್ಲಿಯೂ ಒಂದು ಕಲ್ಲುಕಂಬವನ್ನು ನಿಲ್ಲಿಸಬೇಕು. ಮರ ನೆಡುವುದು ಕಲೆ ಹೇಗಾದೀತೆಂದು ನೀವು ಕೇಳಬಹುದು. ನಾನೂ ಮಗಳನ್ನು ಅದನ್ನೇ ಕೇಳಿದೆ. ಅದಕ್ಕೆ ಉತ್ತರವಿರುವುದು ಅವನು ಕೆಲಸ ಆರಂಭಿಸಿದ ಕ್ರಮದಲ್ಲಿ.

ನಾವಾದರೆ ಏನು ಮಾಡುತ್ತಿದ್ದೆವು? ಗಿಡ ನೆಟ್ಟು, ಕಲ್ಲು ಹಾಕಿ, ಮುಂದಿನ ಗಿಡಕ್ಕೆ ಹೋಗುತ್ತಿದ್ದೆವು. ಬಾಯ್ಸ್ ಹಾಗೆ ಮಾಡಲಿಲ್ಲ. ಮೊದಲು ಏಳು ಸಾವಿರ ಕಲ್ಲುಗಳನ್ನೂ ತರಿಸಿ ಫ್ರೀಡ್ರಿಷ್ ಚೌಕದಲ್ಲಿ, ಫ್ರಿಡೆರಿಸಿಯಾನುಮ್ ಭವನದ ಮುಂದೆ ರಾಶಿ ಹಾಕಿಸಿದ. ಅವು ಊರಿನ ಆಸುಪಾಸಿನ ಗಣಿಯಿಂದ ಬಂದ ಬಸಾಲ್ಟ್ ಶಿಲೆಗಳು. ಲಾವಾರಸ ನಿಧಾನವಾಗಿ ತಣ್ಣಗಾಗುವಾಗ ಸಂಕುಚಿಸಿ, ಬಿರುಕು ಬಿಟ್ಟು, ತಾನಾಗಿಯೇ ಕಂಬಗಳ ಆಕಾರವನ್ನು ತಾಳುತ್ತದೆ. ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪಕ್ಕೆ ಶಾಲಾ ಪ್ರವಾಸ ಬಂದಿದ್ದವರು ಅಲ್ಲಿಯ ಶಿಲಾಸ್ತಂಭಗಳನ್ನು ನೆನಪಿಸಿಕೊಂಡರೆ ಆಕಾರವನ್ನು ಊಹಿಸಿಕೊಳ್ಳಬಹುದು. ಇಂಥ ಏಳು ಸಾವಿರ ಕಂಬಗಳನ್ನು ಊರಿನ ಅತ್ಯಂತ ಚೆಲುವಾದ ಚೌಕದಲ್ಲಿ ತ್ರಿಕೋನಾಕಾರವಾಗಿ ಸುರಿದರು. ಆ ತ್ರಿಕೋನದ ಮೊನೆಯಲ್ಲಿ 1982ರ ಮಾರ್ಚ್ 16ರಂದು ಬಾಯ್ಸ್ ತನ್ನ ಕೈಯಿಂದಲೇ ಮೊದಲ ಓಕ್ ಗಿಡವನ್ನು ನೆಟ್ಟು, ರಾಶಿಯಿಂದ ಒಂದು ಕಲ್ಲನ್ನು ತೆಗೆದು ಅದರ ಪಕ್ಕದಲ್ಲಿ ನಿಲ್ಲಿಸಿದ.

ಮುಂದಿನದು ಊರಿನವರ ಪಾಲಿಗೆ ಬಿಟ್ಟದ್ದು. ಒಂದು ಗಿಡ ನೆಟ್ಟರೆ ರಾಶಿಯಿಂದ ಒಂದು ಕಲ್ಲು ಕಡಿಮೆಯಾಗುತ್ತದೆ. ಗಿಡ ನೆಡದಿದ್ದರೆ ಕಲ್ಲುಗಳು ಅಲ್ಲಿಯೇ ಬಿದ್ದಿರುತ್ತವೆ. ರಾಶಿ ಹೋಗಬೇಕೆಂದರೆ ಬೇರೆ ದಾರಿಯೇ ಇಲ್ಲ. ಅಂಗಡಿಯಲ್ಲಿ ಸಾಲ ಮಾಡಿದವರ ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆದಿಟ್ಟಂತೆ, ಊರು ಭೂಮಿಗೆ ಕೊಡಬೇಕಾದ ಸಾಲವನ್ನು ಚೌಕದಲ್ಲಿ ಪೇರಿಸಿಟ್ಟದ್ದಾಯಿತು. ನನ್ನ ಅಲ್ಪಮತಿಗೆ ತೋಚಿದಂತೆ ಇದರಲ್ಲಿರುವ ಕಲೆಯೆಂದರೆ ಇದೇ. ನೋಡುವವನು ನೋಡಿ ಸುಮ್ಮನೆ ಹೋಗಲಾರ. ಒಂದೋ ರೇಗಬೇಕು, ಇಲ್ಲವೇ ಗುದ್ದಲಿ ಹಿಡಿಯಬೇಕು.

ಜನ ಮೊದಲು ರೇಗಿದ್ದೇ ಹೆಚ್ಚು. ಅರಮನೆಯಂಥ ಭವನದ ಮುಂದೆ ಕಲ್ಲಿನ ಗುಡ್ಡೆಯೇ ಎಂದು ಕೆಲವರು ಸಿಟ್ಟಾದರು. ಗಿಡಗಳಿಂದಾಗಿ ಕಾರು ನಿಲ್ಲಿಸುವ ಜಾಗ ಹೋಗುತ್ತದೆಂಬುದು ಕೆಲವರ ದೂರು. ಇದು ಕಲೆಯೂ ಅಲ್ಲ, ತೋಟಗಾರಿಕೆಯೂ ಅಲ್ಲವೆಂದು ಹಲವರು ಹಳಿದರು. ಈ ದೂರುಗಳನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಊರಿನ ಬಸ್ ನಿಲ್ದಾಣದ ಮುಂದೆ ಯಾರಾದರೂ ಏಳು ಸಾವಿರ ಕಲ್ಲುಕಂಬಗಳನ್ನು ಸುರಿದಿದ್ದರೆ ಅರ್ಜಿ ಬರೆಯುವವರಲ್ಲಿ ನಾನೇ ಮೊದಲಿಗನಾಗಿರುತ್ತಿದ್ದೆನೋ ಏನೋ.

ಆದರೂ ಕೆಲಸ ನಿಲ್ಲಲಿಲ್ಲ. ಯಾರು ಬೇಕಾದರೂ 500 ಮಾರ್ಕುಗಳನ್ನು ಕೊಟ್ಟು ಒಂದು ಮರ ಹಾಗೂ ಒಂದು ಕಲ್ಲಿನ ಖರ್ಚನ್ನು ವಹಿಸಿಕೊಳ್ಳಬಹುದಾಗಿತ್ತು; ಕೊಟ್ಟವರಿಗೆ ಒಂದು ಪ್ರಮಾಣಪತ್ರ ಸಿಗುತ್ತಿತ್ತು. ಏಳು ಸಾವಿರ ಮರಗಳಿಗೆ ಲೆಕ್ಕ ಹಾಕಿದರೆ 35 ಲಕ್ಷ ಮಾರ್ಕುಗಳಾಗುತ್ತವೆ. ಆರಂಭದ ಹಣವನ್ನು ಅಮೆರಿಕದ ದಿಯಾ ಆರ್ಟ್ ಫೌಂಡೇಶನ್ ಒದಗಿಸಿತು. ಉಳಿದದ್ದಕ್ಕೆ ಬಾಯ್ಸ್ ನಾನಾ ಉಪಾಯಗಳನ್ನು ಹೂಡಿದ. ಜಪಾನಿನ ವಿಸ್ಕಿಯ ಜಾಹೀರಾತಿನಲ್ಲಿಯೂ ಕಾಣಿಸಿಕೊಂಡ! ಎಲ್ಲಕ್ಕಿಂತ ನಾಟಕೀಯವಾದದ್ದು 1982ರ ಜೂನ್ 30ರಂದು ನಡೆದ ಪ್ರಸಂಗ. ರಷ್ಯದ ಕ್ರೂರ ದೊರೆ ನಾಲ್ಕನೆಯ ಇವಾನನ ಕಿರೀಟದ ಚಿನ್ನದ ಪ್ರತಿಕೃತಿಯೊಂದನ್ನು ಅದೇ ಚೌಕದಲ್ಲಿ, ಜನರ ಎದುರಿನಲ್ಲಿ ಕರಗಿಸಿ, ಅದರಿಂದ ಒಂದು ಪುಟ್ಟ ಮೊಲವನ್ನು ಎರಕ ಹೊಯ್ದ. ಅದಕ್ಕೆ ಶಾಂತಿಯ ಮೊಲವೆಂದು ಹೆಸರಿಟ್ಟು ಮಾರಿ, ಬಂದ ಹಣವನ್ನು ಮರಗಳಿಗೆ ಕೊಟ್ಟ. ಆ ಮೊಲ ಈಗ ಸ್ಟುಟ್‌ಗಾರ್ಟಿನ ಸರ್ಕಾರಿ ಕಲಾಸಂಗ್ರಹಾಲಯದಲ್ಲಿದೆ. ಅರಸನ ಕಿರೀಟ ಕರಗಿ ಮೊಲವಾಗಿ, ಮೊಲ ಮರವಾದ ಈ ಕಥೆಯನ್ನು ಗ್ರಿಮ್ ಸಹೋದರರು ಕೇಳಿದ್ದರೆ ಬರೆದಿಟ್ಟುಕೊಳ್ಳುತ್ತಿದ್ದರು.

ಹಣಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ ಗಿಡವನ್ನು ಎಲ್ಲಿ ನೆಡಬೇಕೆಂಬುದು. ಇದನ್ನು ಕಲಾವಿದನೊಬ್ಬನೇ ನಿರ್ಧರಿಸಲಿಲ್ಲ, ನಗರಸಭೆಯೊಂದೇ ನಿರ್ಧರಿಸಲೂ ಇಲ್ಲ. ಬಡಾವಣೆಯ ನಿವಾಸಿಗಳು, ಶಾಲೆಗಳು, ಶಿಶುವಿಹಾರಗಳು, ಸಂಘಸಂಸ್ಥೆಗಳು ತಮ್ಮ ತಮ್ಮ ಬೀದಿಯಲ್ಲಿ ಜಾಗಗಳನ್ನು ಸೂಚಿಸಬೇಕಾಗಿತ್ತು. ಸಮನ್ವಯಕ್ಕೆಂದೇ ಒಂದು ಕಚೇರಿಯಿತ್ತು. ಸೂಚಿಸಿದ ಜಾಗದ ಕೆಳಗೆ ನೀರಿನ ಕೊಳವೆ, ವಿದ್ಯುತ್ ತಂತಿ ಇತ್ಯಾದಿಗಳಿವೆಯೇ ಎಂಬುದನ್ನು ಪರಿಶೀಲಿಸಿ, ನಗರಾಡಳಿತದ ಒಪ್ಪಿಗೆ ಪಡೆದು, ಡಾಂಬರನ್ನು ಅಗೆದು ಗುಂಡಿ ತೋಡಬೇಕಾಗಿತ್ತು. ನೀವೇ ಯೋಚಿಸಿ. "ನಮ್ಮ ಬೀದಿಯಲ್ಲಿ ಎಲ್ಲಿ ನೆರಳು ಬೇಕು?" ಎಂದು ನೆರೆಹೊರೆಯವರು ಒಟ್ಟಿಗೆ ನಿಂತು ಮಾತನಾಡುವುದೇ ಆ ಬೀದಿಯನ್ನು ಮೊದಲ ಬಾರಿಗೆ ಕಣ್ಣುಬಿಟ್ಟು ನೋಡಿದಂತೆ. ದಿನವೂ ಓಡಾಡುವ ರಸ್ತೆ ಅಂದಿನಿಂದ ಅವರದಾಗುತ್ತದೆ. ಮಣ್ಣಿನ ಗುಣಕ್ಕೂ ಜಾಗದ ಅಳತೆಗೂ ಹೊಂದುವಂತೆ ಓಕ್ ಮಾತ್ರವಲ್ಲದೆ ಲಿಂಡನ್, ಆಶ್, ಮೇಪಲ್, ಚೆಸ್ಟ್‌ನಟ್ ಮುಂತಾದ ಮರಗಳನ್ನೂ ನೆಟ್ಟರು. ಜರ್ಮನ್ ಭಾಷೆಯಲ್ಲಿ ನಗರಾಡಳಿತ ಎಂಬ ಪದದ ಒಂದೆರಡು ಅಕ್ಷರಗಳನ್ನು ಬದಲಿಸಿದರೆ ನಗರಕ್ಕೆ ಕಾಡು ಬೆಳೆಸುವುದು ಎಂಬ ಅರ್ಥ ಬರುತ್ತದೆ. ಬಾಯ್ಸ್ ಈ ಶ್ಲೇಷೆಯನ್ನೇ ತನ್ನ ಘೋಷವಾಕ್ಯವನ್ನಾಗಿ ಮಾಡಿಕೊಂಡಿದ್ದ.

ವರ್ಷ ಕಳೆದಂತೆ ಚೌಕದಲ್ಲಿದ್ದ ರಾಶಿ ಕರಗುತ್ತಾ ಬಂತು, ಬೀದಿಗಳು ಹಸುರಾಗುತ್ತಾ ಬಂದವು. ಆದರೆ ಕೊನೆಯನ್ನು ನೋಡುವ ಭಾಗ್ಯ ಬಾಯ್ಸ್‌ಗೆ ಇರಲಿಲ್ಲ. 1986ರ ಜನವರಿ 23ರಂದು ತೀರಿಕೊಂಡ. ಬಹುಪಾಲು ಗಿಡಗಳು ಅಷ್ಟರಲ್ಲಿ ನೆಲ ಸೇರಿದ್ದವು. ಆದರೂ ಚೌಕದಲ್ಲಿ ಇನ್ನೂ ಕಲ್ಲುಗಳು ಉಳಿದಿದ್ದವು. ಯಜಮಾನ ಹೋದ ಮೇಲೆ ಸಾಲ ಮನ್ನಾ ಆಯಿತೆಂದು ಊರಿನವರು ಆ ಕಲ್ಲುಗಳನ್ನು ಲಾರಿಯಲ್ಲಿ ತುಂಬಿ ಕಳುಹಿಸಬಹುದಾಗಿತ್ತು. ಹಾಗೆ ಮಾಡಲಿಲ್ಲ. 1987ರ ಜೂನ್ 12ರಂದು, ಎಂಟನೆಯ ಡಾಕ್ಯುಮೆಂಟಾ ಆರಂಭವಾದ ದಿನ, ಏಳು ಸಾವಿರದನೆಯ ಗಿಡವನ್ನು ಬಾಯ್ಸ್‌ನ ಮಗ ವೆನ್ಸೆಲ್ ನೆಟ್ಟ. ತಂದೆ ನೆಟ್ಟ ಮೊದಲ ಮರದ ಪಕ್ಕದಲ್ಲಿಯೇ ಅದಕ್ಕೆ ಜಾಗವನ್ನು ಉಳಿಸಿದ್ದರು. ಚೌಕದಲ್ಲಿ ಕೊನೆಗೂ ಕಲ್ಲಿನ ರಾಶಿ ಇಲ್ಲವಾಯಿತು.

ಮುಂದೆ 1988ರಲ್ಲಿ ದಿಯಾ ಸಂಸ್ಥೆ ನ್ಯೂಯಾರ್ಕಿನ 22ನೆಯ ಬೀದಿಯಲ್ಲಿ ಇದೇ ಮಾದರಿಯಲ್ಲಿ ಐದು ಮರಗಳನ್ನೂ ಐದು ಕಲ್ಲುಗಳನ್ನೂ ನಿಲ್ಲಿಸಿತು. 1996ರಲ್ಲಿ ಇನ್ನೂ 18 ಸೇರಿದವು. ಕಾಸೆಲ್‌ನ ಮರಗಳಿಗೆ 2005ರಿಂದ ಸಾಂಸ್ಕೃತಿಕ ಸ್ಮಾರಕದ ರಕ್ಷಣೆ ದೊರೆತಿದೆ. ಅಲ್ಲಿಯ ಕೋಟೆಗೆ, ಅರಮನೆಗೆ ಇರುವ ಮನ್ನಣೆ ಬೀದಿಬದಿಯ ಮರಕ್ಕೂ ಇದೆಯೆಂದು ಅರ್ಥ. ಅವುಗಳ ಯೋಗಕ್ಷೇಮಕ್ಕೆಂದೇ ಒಂದು ಪ್ರತಿಷ್ಠಾನವಿದೆ. ನಗರಾಡಳಿತವೂ ಹೊಣೆ ಹೊತ್ತಿದೆ. ಎಲ್ಲವೂ ಸುಸೂತ್ರವೆಂದು ನಾನು ಹೇಳಲಾರೆ. ಹಣದ ದೊಡ್ಡ ಪಾಲು ಬಂದದ್ದು ಒಬ್ಬ ಪ್ರಸಿದ್ಧನ ಹೆಸರಿನ ಬಲದಿಂದ. ಆ ಹೆಸರಿಲ್ಲದ ಯಾರಾದರೂ ಇದೇ ಪ್ರಸ್ತಾಪವನ್ನು ತಂದಿದ್ದರೆ ಕಲ್ಲುಗಳು ಗಣಿಯಿಂದ ಹೊರಡುತ್ತಲೇ ಇರಲಿಲ್ಲವೇನೋ. ಆದರೆ ಹೆಸರು ಎಷ್ಟೇ ದೊಡ್ಡದಾದರೂ ಗಿಡಕ್ಕೆ ನೀರು ಹಾಕುವುದಿಲ್ಲ. ನಲವತ್ತು ವರ್ಷ ಅವು ಉಳಿದುಬಂದದ್ದು ಊರಿನವರಿಂದ.

ಫ್ರೀಡ್ರಿಷ್ ಚೌಕದಲ್ಲಿ ಆ ಎರಡು ಮರಗಳ ಕೆಳಗೆ ನಿಂತಾಗ ನನ್ನ ತಲೆಯಲ್ಲಿ ಸುಳಿದದ್ದು ಕಲ್ಲಿನ ವಿಷಯ. ಗಿಡ ನೆಟ್ಟಾಗ ಅದು ಬೆರಳು ಗಾತ್ರದ ಕಡ್ಡಿ, ಕಲ್ಲೇ ದೊಡ್ಡದು. ಕೆಲವು ವರ್ಷಗಳಲ್ಲಿ ಎರಡೂ ಸರಿಸಮವೆನಿಸುತ್ತವೆ. ಆಮೇಲೆ ಮರ ಮೇಲೇರುತ್ತದೆ, ಕಲ್ಲು ಇದ್ದಲ್ಲಿಯೇ ಇರುತ್ತದೆ. ಬೆಳೆಯುವುದರ ಪಕ್ಕದಲ್ಲಿ ಬೆಳೆಯದಿರುವುದನ್ನು ಇಟ್ಟಾಗ ಮಾತ್ರ ಬೆಳವಣಿಗೆ ಕಣ್ಣಿಗೆ ಕಾಣುತ್ತದೆ. ಇದು ಒಂದು ಲಾಭ. ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಮರವನ್ನು ರಾತ್ರೋರಾತ್ರಿ ಕಡಿದರೂ ಕಲ್ಲು ಅಲ್ಲಿಯೇ ನಿಂತು ಸಾಕ್ಷಿ ಹೇಳುತ್ತದೆ. ಇಲ್ಲಿ ಒಂದು ಮರವಿತ್ತು, ಅದು ಎಲ್ಲಿ ಹೋಯಿತೆಂದು ಹಾದುಹೋಗುವವರು ಕೇಳಿಯೇ ಕೇಳುತ್ತಾರೆ.

ಈ ಯುಕ್ತಿ ನಮಗೆ ಹೊಸದೇನಲ್ಲ. ನಮ್ಮ ಊರುಗಳಲ್ಲಿ ಅರಳಿಯನ್ನೂ ಬೇವನ್ನೂ ಜೋಡಿಯಾಗಿ ನೆಟ್ಟು, ಕಟ್ಟೆ ಕಟ್ಟಿಸಿ, ಬುಡದಲ್ಲಿ ನಾಗರಕಲ್ಲನ್ನು ನಿಲ್ಲಿಸುತ್ತಿದ್ದರು. ಕಲ್ಲಿರುವ ಮರಕ್ಕೆ ಯಾರೂ ಕೊಡಲಿ ಹಾಕುತ್ತಿರಲಿಲ್ಲ. ಕಟ್ಟೆಯ ಮೇಲೆ ನ್ಯಾಯ ಪಂಚಾಯಿತಿ, ದಣಿದವರ ನಿದ್ದೆ, ಮಕ್ಕಳ ಆಟ ಎಲ್ಲವೂ ನಡೆಯುತ್ತಿದ್ದವು. ಬಾಯ್ಸ್‌ಗೆ ನಮ್ಮ ಕಟ್ಟೆಗಳ ವಿಷಯ ತಿಳಿದಿತ್ತೆಂದು ನಾನು ಹೇಳುತ್ತಿಲ್ಲ. ಅಲ್ಲಿ ಭಕ್ತಿ ಕಾಯುವುದನ್ನು ಇಲ್ಲಿ ನೆನಪು ಕಾಯುತ್ತದೆ, ಅಷ್ಟೇ ವ್ಯತ್ಯಾಸ. ಹಿರಿಯರಿಂದ ಬಂದ ಈ ಬುದ್ಧಿಯನ್ನು ನನ್ನಂಥ ಓದಿದವರು ಬಿಟ್ಟೆವಲ್ಲ ಎಂಬುದು ನನ್ನ ಸಂಕಟ.

ಈಗ ನಮ್ಮ ಹೊಂಗೆಯ ಮರಗಳ ವಿಷಯಕ್ಕೆ ಬರುತ್ತೇನೆ. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ಆರಂಭಿಸಿದ ವನಮಹೋತ್ಸವ ನಮ್ಮ ಶಾಲೆಗಳಲ್ಲಿ ಪ್ರತಿ ಮಳೆಗಾಲದ ಹಬ್ಬವಾಗಿತ್ತೆಂಬುದು ನಿಮಗೆ ತಿಳಿದೇ ಇದೆ. 1987ರ ಜುಲೈಯಲ್ಲಿ, ಅಂದರೆ ಕಾಸೆಲ್‌ನಲ್ಲಿ ಕೊನೆಯ ಗಿಡ ನೆಟ್ಟ ಮರುತಿಂಗಳು, ನಾವು ಶಾಲೆಯಿಂದ ಬಸ್ ನಿಲ್ದಾಣದವರೆಗೆ 62 ಹೊಂಗೆ ಸಸಿಗಳನ್ನು ನೆಟ್ಟೆವು. ಒಬ್ಬೊಬ್ಬರಿಗೆ ಒಂದೊಂದು ಸಸಿ. ಯಾರ ಸಸಿ ಎಲ್ಲಿದೆಯೆಂದು ಹಾಜರಿ ಪುಸ್ತಕದಂಥ ಒಂದು ಪುಸ್ತಕದಲ್ಲಿ ಬರೆಸಿದ್ದೆ. ಆಡು, ದನ, ಬೇಸಿಗೆ ಇವುಗಳನ್ನೆಲ್ಲ ದಾಟಿ 31 ಮರಗಳು ಉಳಿದವು. ನೀವು ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟಿರಿ. ಪುಸ್ತಕವನ್ನು ಬೀರುವಿನಲ್ಲಿ ಗೆದ್ದಲು ತಿಂದಿತು. ಹೊಸದಾಗಿ ಬರೆಯಿಸುವ ಶ್ರಮವನ್ನು ನಾನು ತೆಗೆದುಕೊಳ್ಳಲಿಲ್ಲ. ಮರಗಳಿವೆಯಲ್ಲ, ಇನ್ನೇನು ಬೇಕೆಂದು ಸುಮ್ಮನಾದೆ.

2004ರಲ್ಲಿ ರಸ್ತೆ ಅಗಲವಾಯಿತು. ಎರಡೇ ದಿನಗಳಲ್ಲಿ 31 ಮರಗಳೂ ಹೋದವು. ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಕಿಟಕಿಯಿಂದ ಸದ್ದು ಕೇಳಿಸುತ್ತಿತ್ತು. ಊರಿನಲ್ಲಿ ಯಾರೂ ಬಂದು ಕೇಳಲಿಲ್ಲ. ಹೇಗೆ ಕೇಳಿಯಾರು? ಅವು ಯಾರ ಮರಗಳೆಂದು ಯಾರಿಗೂ ತಿಳಿದಿರಲಿಲ್ಲ. ರಸ್ತೆ ಬೇಕಾಗಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಈಗ ಬಸ್ಸುಗಳು ಸಲೀಸಾಗಿ ತಿರುಗುತ್ತವೆ. ಆದರೆ ಅಂದು ಪ್ರತಿ ಮರದ ಬುಡದಲ್ಲಿಯೂ ಒಂದು ಕಲ್ಲಿದ್ದು, ಅದರ ಹಿಂದೆ ಒಂದು ಮಗುವಿನ ನೆನಪಿದ್ದಿದ್ದರೆ, ಕಡಿಯುವ ಮೊದಲು ಒಬ್ಬರಾದರೂ ಒಂದು ಮಾತು ಕೇಳುತ್ತಿದ್ದರು. ಅಷ್ಟಾಗಿದ್ದರೂ ಒಂದೆರಡು ಮರಗಳು ಉಳಿಯುತ್ತಿದ್ದವೋ ಏನೋ.

ಮೊನ್ನೆ ಬಂದಿದ್ದ ಹುಡುಗ, ನನಗೆ ಅವನು ಇಂದಿಗೂ ಹುಡುಗನೇ, ಕಾಫಿ ಲೋಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸಾರ್, ಅವತ್ತು ರಸ್ತೆಯ ಅಳತೆಗೆ ಟೇಪು ಹಿಡಿದವರಲ್ಲಿ ನಾನೂ ಒಬ್ಬ. ಕಡಿಯಬೇಕಾದ ಮರಗಳಿಗೆ ಸುಣ್ಣದ ಗುರುತು ಹಾಕಿದವನೂ ನಾನೇ. ನನ್ನದು ಯಾವುದೆಂದು ಗೊತ್ತಿದ್ದರೆ..." ಎಂದು ಅಷ್ಟಕ್ಕೇ ನಿಲ್ಲಿಸಿದ. ಅವನದೇನೂ ತಪ್ಪಿಲ್ಲ. ಕೂಲಿಗೆ ಬಂದವನು ಹೇಳಿದ ಕೆಲಸ ಮಾಡಿದ್ದಾನೆ. ತಪ್ಪು ಪುಸ್ತಕವನ್ನು ಕಳೆದುಕೊಂಡವನದು. ಅದನ್ನು ಅವನಿಗೂ ಹೇಳಿದೆ, ನಿಮಗೂ ಹೇಳುತ್ತಿದ್ದೇನೆ.

ಅಂದು ನಾವಿಬ್ಬರೂ ಕುಳಿತು ಒಂದು ನಿರ್ಧಾರಕ್ಕೆ ಬಂದೆವು. ಬರುವ ಮಳೆಗಾಲದಲ್ಲಿ ಶಾಲೆಯ ಹಿಂಬದಿಯ ರಸ್ತೆಯಲ್ಲಿ 31 ಸಸಿಗಳನ್ನು ನೆಡಬೇಕು. ಈಗಿರುವ ಮುಖ್ಯೋಪಾಧ್ಯಾಯಿನಿಯವರು ಒಪ್ಪಿದ್ದಾರೆ. ಆದರೆ ಈ ಬಾರಿ ಸಸಿಗಿಂತ ಮೊದಲು ಕಲ್ಲು ಬರುತ್ತದೆ. ಅವನೇ ಕಲ್ಲುಗಣಿಯವರೊಂದಿಗೆ ಮಾತನಾಡಿ 31 ಕಲ್ಲುಕಂಬಗಳನ್ನು ತರಿಸುವುದಾಗಿ ಹೇಳಿದ್ದಾನೆ. ಅವು ಶಾಲೆಯ ಅಂಗಳದಲ್ಲಿ, ಧ್ವಜಸ್ತಂಭದ ಬಳಿ, ಎಲ್ಲರಿಗೂ ಕಾಣುವಂತೆ ರಾಶಿ ಬಿದ್ದಿರಲಿ. ಆಟದ ಪಿರಿಯಡ್ಡಿಗೆ ತೊಂದರೆಯಾಗುತ್ತದೆಂದು ಮಕ್ಕಳು ಗೊಣಗಲಿ. ಬೀದಿಯ ಮನೆಯವರೇ ಜಾಗ ತೋರಿಸಲಿ. ಒಂದೊಂದು ಸಸಿ ನೆಟ್ಟಾಗ ಒಂದೊಂದು ಕಲ್ಲು ಅಂಗಳವನ್ನು ಬಿಟ್ಟು ಹೊರಡಲಿ.

1987ರ ಒಂಬತ್ತನೆಯ ತರಗತಿಯವರಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ನೀವು ನೆಟ್ಟ ಸಸಿ ಎಲ್ಲಿತ್ತು, ಯಾರ ಮನೆಯ ಮುಂದೆ, ಯಾವ ಅಂಗಡಿಯ ಪಕ್ಕ, ನೀರು ಹಾಕಲು ಯಾರೊಂದಿಗೆ ಹೋಗುತ್ತಿದ್ದಿರಿ, ನೆನಪಿದ್ದಷ್ಟನ್ನು ಬರೆದು ಕಳುಹಿಸಿ. ಬೆಂಗಳೂರಿನಲ್ಲಿರುವವರೂ ಪರದೇಶದಲ್ಲಿರುವವರೂ ಮರೆಯಬೇಡಿ. ಗೆದ್ದಲು ತಿಂದ ಪುಸ್ತಕವನ್ನು ಮತ್ತೆ ಬರೆಯಬೇಕಾಗಿದೆ. ಇದುವರೆಗೆ ಅದರಲ್ಲಿ ಒಂದೇ ಸಾಲು ತುಂಬಿದೆ, ಮೊನ್ನೆ ಬಂದಿದ್ದವನು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದು: "ಸಾರ್, ನನ್ನದು ಸೈಕಲ್ ಶಾಪಿನ ಎದುರಿಗೆ ಇದ್ದಿರಬೇಕು. ಪಂಕ್ಚರ್ ಹಾಕುವ ತೊಟ್ಟಿಯಿಂದ ನೀರು ತೆಗೆದು ಹಾಕುತ್ತಿದ್ದ ನೆನಪು."

ನಿಮ್ಮೆಲ್ಲರ ಉತ್ತರದ ನಿರೀಕ್ಷೆಯಲ್ಲಿ,
ನಿಮ್ಮ ಮೇಷ್ಟರು